ಗಾಜಿನ ಆ ಬದಿ

ಇಂಬ್ರೋ ಅವತ್ತು ಮಾಡಿದ ತಪ್ಪು ಇಷ್ಟೇ: ಬಣ್ಣ ಬೇಗ ಒಣಗಲಿ ಅಂತ ಚಿತ್ರವನ್ನು ಕಿಟಕಿಗೆ ಒರಗಿಸಿಟ್ಟ. ಕಿಟಕಿ ಬೀದಿಯ ಕಡೆಗಿತ್ತು. ಬೀದಿಯಲ್ಲಿ ಪಕ್ಕದ ಮನೆಯ ತ್ರೇಜಾ ಇದ್ದಳು. ತ್ರೇಜಾ ಬೀದಿಯಲ್ಲಿಲ್ಲದ ಹೊತ್ತಾದರೂ ನಮ್ಮೂರಲ್ಲಿ ಯಾವುದಿದೆ ಹೇಳಿ!

ಮೊದಲೇ ಇಂಬ್ರೋ ದಣಿದ ಮನುಷ್ಯ. ಆಯುಷ್ಯವೆಲ್ಲ ರೈಲ್ವೆ ಗೇಟು ಎತ್ತಿ ಇಳಿಸಿ ಸವೆದ ಭುಜ, ಚಳಿ ಬಂತೆಂದರೆ ಮುಷ್ಕರ ಹೂಡುವ ಮೊಣಕಾಲು. ಹೆಂಡತಿ ರೋಜಿಕಾ ತೀರಿಕೊಂಡ ಮೇಲಂತೂ ಬೆಳಗಾದರೆ ಯಾಕಾದರೂ ಏಳಬೇಕೋ ಎನ್ನಿಸುತ್ತಿತ್ತು. ಒಂದು ದಿನ ಕೊಟ್ಟಿಗೆಯಲ್ಲಿ ಹಳೇ ಕಿಟಕಿಯ ಗಾಜು ಕಣ್ಣಿಗೆ ಬಿತ್ತು. ನಮ್ಮ ಪೊದ್ರಾವಿನಾ ಸೀಮೆಯಲ್ಲಿ ಗಾಜು ಸಿಕ್ಕಿದರೆ ಜನ ಚಿತ್ರ ಬರೆಯುತ್ತಾರೆ. ಅವನೂ ಕುಂಚ ಹಿಡಿದ. ಮೊದಲ ಹಸು ಬೆಂಚಿನ ಹಾಗೆ ಬಂತು. ಆದರೂ ಅದನ್ನು ಬರೆಯುವಷ್ಟು ಹೊತ್ತು ಎದೆಯ ಭಾರ ಇಳಿದಿತ್ತು. ಮರುದಿನ ಅವನು ತಾನಾಗಿಯೇ ಬೇಗ ಎದ್ದ.

ನಮ್ಮ ಕಡೆ ಬಣ್ಣ ಹಚ್ಚುವುದು ಗಾಜಿನ ಹಿಂಬದಿಗೆ, ನೋಡುವುದು ಮುಂಬದಿಯಿಂದ. ಹಾಗಾಗಿ ಎಲ್ಲ ಉಲ್ಟಾ. ಮೊದಲು ಹುಬ್ಬು, ಆಮೇಲೆ ಮುಖ. ಮೊದಲು ಕೋಳಿ, ಆಮೇಲೆ ಅಂಗಳ. ಕಟ್ಟಕಡೆಗೆ ಆಕಾಶ. ಆಕಾಶ ಬಳಿದ ಮೇಲೆ ಏನೇ ಬರೆದರೂ ಅದು ಆಕಾಶದ ಹಿಂದೆ ಅಡಗಿಬಿಡುತ್ತದೆ.

ಈ ಚಿತ್ರದಲ್ಲಿ ಅವನು ಬರೆದದ್ದು ಹಿಮ ಬಿದ್ದ ನಮ್ಮ ಬೀದಿಯನ್ನು. ಸಾಲು ಮನೆಗಳು, ಬೇಲಿಗಳು, ನಡುವೆ ಕೆಂಪು ಶಾಲು ಹೊದ್ದು ಕೋಳಿಗೆ ಜೋಳ ಹಾಕುತ್ತಿರುವ ರೋಜಿಕಾ. ಅವಳೊಬ್ಬಳೇ. ಅಂದು ಸಂತ ಮಾರ್ಟಿನನ ಹಬ್ಬ. ಊರಿನ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಹೊಸ ವೈನು, ಹುರಿದ ಹೆಬ್ಬಾತು, ಜೊತೆಗೆ ಊರವರ ಚಿತ್ರಗಳ ಪ್ರದರ್ಶನ. ರೋಜಿಕಾ ಬದುಕಿದ್ದಷ್ಟು ವರ್ಷವೂ ಈ ಹಬ್ಬವನ್ನು ಕಳೆದದ್ದು ಆ ಹಾಲ್‌ನ ಅಡುಗೆಮನೆಯಲ್ಲಿ. ಹೆಬ್ಬಾತು ತಿಂದವರೆಲ್ಲ ಬಾಯಿ ಚಪ್ಪರಿಸಿದರು, ಹುರಿದವಳ ಮುಖ ಒಬ್ಬರೂ ನೋಡಲಿಲ್ಲ. ಈ ಸಲವಾದರೂ ಅವಳು ಎಲ್ಲರ ಎದುರು ಗೋಡೆಯ ಮೇಲೆ ನಿಲ್ಲಬೇಕು ಎನ್ನುವುದೊಂದೇ ಇಂಬ್ರೋನ ಆಸೆ.

ಅವನು ಚಿಲಕ ತೆಗೆಯುವಷ್ಟರಲ್ಲಿ ತ್ರೇಜಾ ಒಳಗಿದ್ದಳು.

"ಏನಯ್ಯಾ ಇದು? ನನ್ನ ಮನೆ ಇದೆ, ನನ್ನ ಬೇಲಿ ಇದೆ, ಬೇಲಿ ಮೇಲೆ ನನ್ನ ಕಂಬಳಿ ಕೂಡ ಇದೆ. ನಾನೆಲ್ಲಿ?"

"ಒಳಗಿದೀಯ ತ್ರೇಜಾ. ಚಳಿ ಅಲ್ವಾ."

"ಚಳಿ ಅಂತ ನಾನು ಯಾವತ್ತು ಒಳಗಿದ್ದೆ?"

ಇಂಬ್ರೋ ಕುಂಚ ಒರೆಸತೊಡಗಿದ.

"ಇಡೀ ಬೀದೀಲಿ ರೋಜಿಕಾ ಒಬ್ಳೇ! ನೋಡಿದೋರು ಏನಂದ್ಕೊಳ್ತಾರೆ? ಊರಿಗೆ ಊರೇ ಸತ್ತುಹೋಗಿ ಇವಳೊಬ್ಳು ಉಳಿದ್ಲು ಅಂತ!"

ಆದದ್ದು ಅದರ ತಿರುಗಾಮುರುಗಾ ಎನ್ನಲು ಇಂಬ್ರೋ ಬಾಯಿ ತೆರೆದ.

ಅವನ ಮಾತು ಹೊರಡುವ ಮೊದಲೇ ತ್ರೇಜಾ ಕಿಟಕಿಯಿಂದ ತಲೆ ಹೊರಹಾಕಿ ಒಂದು ಕೂಗು ಹಾಕಿದಳು. ಎದುರು ಮನೆಯ ಮಾತೆಕ್ ಹಂದಿಗೂಡಿನ ವಾಸನೆಯ ಸಮೇತ ಬಂದ.

"ನನ್ನ ಬಿಟ್ರೆ ಬಿಡಪ್ಪ, ನನ್ನ ಹಂದೀನ ಯಾಕೆ ಬಿಟ್ಟೆ? ಅಂಥ ಹಂದಿ ಜಿಲ್ಲೇಲೇ ಇಲ್ಲ. ಮುಂದಿನ ವಾರ ಕೊಯ್ತೀನಿ. ಪಾಪ, ಒಂದು ನೆನಪಾದ್ರೂ ಉಳೀಲಿ."

"ಮಾತೆಕ್, ಚಿತ್ರ ಮುಗಿದಿದೆ ಮಾರಾಯ."

"ಅಲ್ನೋಡು, ಅಷ್ಟಗಲ ಹಿಮ ಖಾಲಿ ಬಿದ್ದಿದೆ!"

ಅಷ್ಟರಲ್ಲಿ ಫ್ರಾನ್ಸೆಕ್ ಬಂದ. ಅವನು ಬಡಗಿ, ಚಿತ್ರಗಳಿಗೆ ಕಟ್ಟು ಹಾಕುವವನು, ಅಗ್ನಿಶಾಮಕ ದಳದ ನಾಯಕ. ಸಾಲದ್ದಕ್ಕೆ ಇಂಬ್ರೋನ ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು 'ಕುಮೆ' ಎಂದೇ ಕರೆಯುವುದು. ಹಬ್ಬದ ಸಮವಸ್ತ್ರದಲ್ಲಿ ಚಿತ್ರ ಒಯ್ಯಲು ಬಂದವನು ಮೀಸೆ ತಿರುವುತ್ತ ನಿಂತ.

"ಕುಮೆ, ದಳದ ಹೊಸ ಪಂಪು ಎಲ್ಲಿ?"

"ನೀನೂನಾ ಕುಮೆ?"

"ನನಗೇನಿಲ್ಲಪ್ಪ. ಆದ್ರೆ ಪಂಪೇ ಇಲ್ಲದ ಚಿತ್ರಾನ ದಳದ ಗೋಡೆಗೆ ಹಾಕಿದ್ರೆ ನಮ್ಮ ಹುಡುಗರು ಸುಮ್ನಿರ್ತಾರಾ? ನೀನೇ ಹೇಳು."

ಇಂಬ್ರೋ ಕುರ್ಚಿಯಲ್ಲಿ ಕುಸಿದ. ಗೋಡೆ ಇಲ್ಲ ಅಂದರೆ ರೋಜಿಕಾಗೆ ಜಾಗವಿಲ್ಲ. ಆಗ, ದಣಿದ ತಲೆಗೆ ಒಂದು ಉಪಾಯ ಹೊಳೆಯಿತು. ಆಕಾಶ ಬಳಿದಾಗಿದೆಯಲ್ಲ! ಇನ್ನು ಬೆನ್ನಿಗೆ ಏನು ಬರೆದರೂ ಮುಂದೆ ಒಂದು ಚುಕ್ಕಿಯೂ ಕಾಣದು. ಬರೆಸಿಕೊಂಡವರಿಗೂ ಸಮಾಧಾನ, ರೋಜಿಕಾಗೂ ನೆಮ್ಮದಿ.

"ಆಯ್ತು, ಕೂತ್ಕೊಳ್ಳಿ," ಎಂದ, ಒಳಗೊಳಗೇ ನಗುತ್ತ.

ಗಾಜನ್ನು ಮೇಜಿನ ಮೇಲೆ ಬೋರಲು ಮಲಗಿಸಿ ಶುರುಮಾಡಿದ. ಯಾರಿಗೂ ಕಾಣುವುದಿಲ್ಲ ಎಂಬ ಧೈರ್ಯಕ್ಕೆ ಕುಂಚ ಕುಣಿಯಿತು.

"ನನ್ನ ಮೂಗು ಅಷ್ಟುದ್ದ ಇದೆಯಾ?"

"ಸಣ್ಣ ಮಾಡ್ತೀನಿ ತ್ರೇಜಾ. ಬೇಕಾದ್ರೆ ತೆಗೆದೇಬಿಡ್ತೀನಿ."

"ಇಂಬ್ರೋ, ಹಂದಿ ತ್ರೇಜಾಗಿಂತ ಸಣ್ಣ ಆಯ್ತು!"

"ಏಯ್ ಮಾತೆಕ್, ನಾಲಿಗೆ ಬಿಗಿ ಹಿಡಿ!"

ಹಂದಿ ಉಬ್ಬಿತು. ಪಂಪು ಕೆಂಪಗೆ ಮಿಂಚಿತು. ಸುದ್ದಿ ಹಬ್ಬಿ ಬೀದಿಯ ಉಳಿದವರೂ ಬಂದು ಬಾಗಿಲಲ್ಲಿ ಸಾಲುಗಟ್ಟಿದರು. ಇಂಬ್ರೋ ಒಬ್ಬರಿಗೂ ಇಲ್ಲವೆನ್ನಲಿಲ್ಲ. ಕೊನೆಗೆ ತ್ರೇಜಾ ಗಾಜಿನ ಮೇಲೆ ಬಗ್ಗಿ ತನ್ನನ್ನು ನೋಡಿಕೊಂಡಳು, ಅಡಿಯ ನೀಲಿಯನ್ನು ನೋಡಿದಳು, ಇಂಬ್ರೋನ ಮುಖ ನೋಡಿದಳು.

"ಚೆನ್ನಾಗಿದೆ," ಎಂದಳು. ಅಷ್ಟೇ. ತ್ರೇಜಾ ಒಂದೇ ಮಾತಿಗೆ ನಿಲ್ಲಿಸಿದಾಗಲೇ ಅವನು ಹುಷಾರಾಗಬೇಕಿತ್ತು.

ಫ್ರಾನ್ಸೆಕ್ ಹಸಿ ಬಣ್ಣಕ್ಕೆ ಕೈ ತಾಗದಂತೆ ಗಾಜನ್ನು ಒಯ್ದ. ತ್ರೇಜಾ ಅವನ ಕಿವಿಯಲ್ಲಿ ಏನೋ ಉಸುರುತ್ತ ಹಿಂದೆಯೇ ಹೋದಳು. ಇಂಬ್ರೋ ಒಂದು ನಿದ್ದೆ ತೆಗೆದು, ಮದುವೆಯ ಸೂಟು ತೊಟ್ಟು, ರೋಜಿಕಾ ಕೊಡಿಸಿದ್ದ ಟೈ ಕಟ್ಟಿ ಸಂಜೆ ಹಾಲ್‌ಗೆ ಹೋದ.

ಹಾಲ್ ತುಂಬಿತ್ತು. ಎಲ್ಲರೂ ನೆರೆದಿದ್ದದ್ದು ಅವನ ಚಿತ್ರದ ಮುಂದೆಯೇ. ನೋಡ್ತಿದ್ದಾರಲ್ಲ ರೋಜಿಕಾ, ಎಲ್ಲರೂ ನಿನ್ನನ್ನೇ ನೋಡ್ತಿದ್ದಾರೆ ಅಂದುಕೊಂಡ. ಕಣ್ಣು ಮಂಜಾಯಿತು. ಒರೆಸಿಕೊಂಡು ಮೊಣಕೈಯಿಂದ ದಾರಿ ಮಾಡಿಕೊಂಡು ಮುಂದೆ ಬಂದ.

ಗೋಡೆಯ ಮೇಲೆ ಮೂಗಿಲ್ಲದ ತ್ರೇಜಾ ನಗುತ್ತಿದ್ದಳು. ಪಕ್ಕದಲ್ಲಿ ಹಂದಿ. ಅದರ ಪಕ್ಕ ಪಂಪು.

"ಕುಮೆ! ಹಿಂದುಮುಂದಾಗಿದೆ!"

"ಬಣ್ಣ ಹಸಿ ಇತ್ತು ಕುಮೆ," ಎಂದ ಫ್ರಾನ್ಸೆಕ್, ಮೀಸೆಯಡಿ ನಗುತ್ತ. "ಆ ಬದಿಗೆ ರಟ್ಟು ಬಡಿದಿದ್ರೆ ಅಂಟ್ಕೊಂಡುಬಿಡ್ತಿತ್ತು. ತಿರುಗಿಸಿ ಹಾಕ್ದೆ."

"ನಾವೇನು ಗಾಜಿನ ಚಿತ್ರ ಕಾಣದೋರಾ ಇಂಬ್ರೋ?" ಎಂದಳು ತ್ರೇಜಾ. "ಆಕಾಶ ಆದ ಮೇಲೆ ನಮ್ಮನ್ನ ಬರೀತಿದೀಯ ಅಂದ್ರೆ, ನಮ್ಮನ್ನ ಎಲ್ಲಿ ಬಚ್ಚಿಡ್ತಿದೀಯ ಅಂತ ನಮಗೆ ಗೊತ್ತಾಗಲ್ವಾ?"

ಇಂಬ್ರೋ ಏನಾದರೂ ಅನ್ನುವಷ್ಟರಲ್ಲಿ ಚಿತ್ರಗಳ ತೀರ್ಪಿಗೆ ಪಟ್ಟಣದಿಂದ ಬಂದ ಹೆಂಗಸು ಅವನ ಕೈ ಹಿಡಿದು ಕುಲುಕಿದಳು. "ಎಷ್ಟು ಜೀವ ಇದೆ ಇದರಲ್ಲಿ! ನೆರೆಹೊರೆಯವರನ್ನ ಇಷ್ಟೊಂದು ಪ್ರೀತಿಸೋ ಕಲಾವಿದನ್ನ ನಾನು ನೋಡೇ ಇಲ್ಲ." ಮೊದಲ ಬಹುಮಾನ ಅವನಿಗೇ ಬಂತು. ಇನ್ನು ಆ ಚಿತ್ರ ಶಾಶ್ವತವಾಗಿ ಹಾಲ್‌ನಲ್ಲೇ ಎಂದು ಸಾರಿದ್ದೇ ತಡ, ಫ್ರಾನ್ಸೆಕ್ ಜೇಬಿನಿಂದ ದಪ್ಪ ಸ್ಕ್ರೂಗಳನ್ನು ತೆಗೆದು ಕಟ್ಟನ್ನು ಗೋಡೆಗೆ ಬಿಗಿದೇಬಿಟ್ಟ.

"ತಿರುಗಿಸು ಕುಮೆ, ನಿನ್ನ ದಮ್ಮಯ್ಯ."

"ಬಹುಮಾನ ಬಂದ ಚಿತ್ರಾನಾ? ತಲೆ ಕೆಟ್ಟಿದೆಯಾ ನಿಂಗೆ?"

ಅಷ್ಟರಲ್ಲಿ ಕೆಳಗಿನ ಬೀದಿಯವರು ಮುತ್ತಿಕೊಂಡರು. ನಮ್ಮ ಬೀದಿ ಯಾವಾಗ ಬರೀತೀಯ, ನನ್ನ ಟ್ರಾಕ್ಟರು ಬೇಕು, ನನ್ನ ಅತ್ತೆ ಬೇಡ. ಇಂಬ್ರೋ ಅವರ ನಡುವಿನಿಂದ ನುಸುಳಿ ಗೋಡೆಗೆ ಕಿವಿಯಿಟ್ಟು ನಿಂತ. ಗೋಡೆಯ ಆಚೆ ತಟ್ಟೆಗಳು ಸದ್ದು ಮಾಡುತ್ತಿದ್ದವು, ಯಾರೋ ಹೆಬ್ಬಾತು ಮಗುಚಲು ಕೂಗುತ್ತಿದ್ದರು. ಆಚೆ ಇದ್ದದ್ದು ಅಡುಗೆಮನೆ. ರೋಜಿಕಾ ಈ ಹಬ್ಬಕ್ಕೂ ಅತ್ತ ಕಡೆಗೇ ಮುಖ ಮಾಡಿ ನಿಂತಿದ್ದಳು.

ಅವನನ್ನು ನೋಡಿ ತ್ರೇಜಾಗೆ ಆಗ ಅರ್ಥವಾಯಿತು. "ಅಯ್ಯೋ, ರೋಜಿಕಾ!" ಎಂದು ಬಾಯಿಗೆ ಕೈ ಇಟ್ಟುಕೊಂಡಳು.

"ಬಿಡು ಇಂಬ್ರೋ, ಅವಳಿಗೆ ಆ ಕಡೇನೇ ರೂಢಿ," ಎಂದಳು ಆಮೇಲೆ, ಅವನ ತೋಳು ತಟ್ಟಿ. "ನೀನು ಒಬ್ನೇ ಕೂತು ಕೊರಗಬೇಡ. ನಾಳೆ ಬೆಳಗ್ಗೆ ಕೆಳಗಿನ ಬೀದಿಯೋರೆಲ್ಲ ನಿಮ್ಮನೆಗೇ ಬರ್ತಾರೆ. ನಾನೂ ಬರ್ತೀನಿ. ಮೂಗು ಒಂಚೂರು ಹಾಕ್ಸ್ಕೋಬೇಕು."