ಕಂಪ್ಯೂಟರಿನಲ್ಲಿ ಹಚ್ಚಿದ ಅರಿಸಿನ

ಮಗಳ ಮದುವೆಯ ಕಾರ್ಡನ್ನು ನಾನೇ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದಾಗಿ ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಜೀವಮಾನವಿಡೀ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಡ್ರಿಲ್ ಮಾಸ್ತರನಿಗೆ ಹತ್ತು ಸಾಲು ಅಕ್ಷರ ನಿಲ್ಲಿಸುವುದು ಯಾವ ಲೆಕ್ಕ!

ಅಕ್ಷರಗಳು ನಿಂತವು. ಉಳಿದದ್ದು ಅರಿಸಿನ. ಕಾರ್ಡಿನ ನಾಲ್ಕೂ ಮೂಲೆಗೆ ಮನೆಮಂದಿ ಕೂತು ಅರಿಸಿನ ಹಚ್ಚುವುದು ಪದ್ಧತಿ. ಒಬ್ಬೊಬ್ಬರ ಬೆರಳು ಒಂದೊಂದು ದಿಕ್ಕಿಗೆ ಓಡುತ್ತದೆ, ನನಗದು ಸಹಿಸಲಾಗದು. ಆದ್ದರಿಂದ ನನ್ನ ಹೆಂಡತಿ ಶಾರದೆ ಹಚ್ಚಿದ ಒಂದೇ ಒಂದು ಬೊಟ್ಟಿನ ಫೋಟೊ ತೆಗೆದು, ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಂಡು, ಹಿಗ್ಗಿಸಿ ನಾಲ್ಕೂ ಮೂಲೆಗೆ ಅಂಟಿಸಿದೆ. ಅರಿಸಿನದ ಡಬ್ಬಿಯನ್ನು ಪರದೆಯ ಪಕ್ಕದಲ್ಲಿ ಹಿಡಿದು ಬಣ್ಣ ಹೊಂದಿಸಿದೆ. ಪರದೆ ಬೆಳಗಿತು!

ಯಲಹಂಕದ ಪ್ರೆಸ್ಸಿನ ನಯಾಜ್ ಫೋನ್ ಮಾಡಿ, ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಶಾಯಿಯದು, ಅಚ್ಚಿನಲ್ಲಿ ಮಂಕಾದೀತು, ಫೋಟೊ ಬೇರೆ ತೀರಾ ಚಿಕ್ಕದು ಎಂದೆಲ್ಲ ಹೇಳಿದರು.

"ಒಂದು ಪ್ರೂಫ್ ಹೊಡೀತೀನಿ ಸಾರ್, ಬಂದು ನೋಡ್ಬಿಡಿ."

"ಪ್ರೂಫ್ ಬೇಕಾಗೋದು ತಪ್ಪು ಮಾಡೋರಿಗೆ ಕಣ್ರೀ," ಎಂದೆ.

ರಾಹುಕಾಲಕ್ಕೆ ಮೊದಲೇ ಆರ್.ಟಿ. ನಗರದ ಬೀಗರಿಗೆ ಮೊದಲ ಕಾರ್ಡು ತಲುಪಬೇಕಿತ್ತು. ಶಾಸ್ತ್ರದ ವಿಷಯದಲ್ಲಿ ಅವರು ಕೂದಲೆಳೆಯಷ್ಟೂ ಬಿಡುವವರಲ್ಲ. ಪ್ರೆಸ್ಸಿನಿಂದ ಕಟ್ಟು ಎತ್ತಿಕೊಂಡು ನೇರ ಹೊರಟೆವು. ಹೆಬ್ಬಾಳದ ಫ್ಲೈಓವರಿನ ಮೇಲೆ ತೆವಳುವಾಗ ಶಾರದೆ ಬಿಚ್ಚಿ ನೋಡೋಣವೆಂದಳು. ಬೀಗರೆದುರೇ ಉದ್ಘಾಟನೆ ಎಂದೆ.

ಉದ್ಘಾಟನೆಯಾಯಿತು. ಬೀಗರು ಕಾರ್ಡನ್ನು ಕಣ್ಣಿಗೊತ್ತಿಕೊಳ್ಳಲು ಹೋಗಿ ಕೈ ತಡೆದರು.

"ಇದಕ್ಕೆ ಸಾಂಬಾರ್ ಬಿದ್ದಿರೋ ಹಾಗಿದೆ. ಬೇರೆ ಕೊಡ್ತೀರಾ?"

ಬೇರೆ ಕೊಟ್ಟೆ. ಅದಕ್ಕೂ ಬಿದ್ದಿತ್ತು. ಮೂರನೆಯದಕ್ಕೂ! ಅರಿಸಿನ ಕಂದಿ, ಅಂಚೆಲ್ಲ ಚೌಕ ಚೌಕವಾಗಿ ಒಡೆದು, ಪ್ರತಿ ಕಾರ್ಡಿನಲ್ಲೂ ಅದೇ ಜಾಗದಲ್ಲಿ ಶಿಸ್ತಾಗಿ ನಿಂತಿತ್ತು.

"ನಿಮ್ಮನೇಲಿ ಎಲ್ಲರೂ ಒಂದೇ ಜಾಗದಲ್ಲಿ ಕೈ ಒರೆಸ್ತೀರಾ?" ಎಂದರು ಬೀಗಿತ್ತಿ.

ಅದು ಅರಿಸಿನವೆಂದು ನಾನು ನಿವೇದಿಸಿಕೊಂಡೆ. ಬೀಗರು ಗಡಿಯಾರ ನೋಡಿದರು. ಶಾರದೆ ನನ್ನನ್ನು ನೋಡಿದಳು. ಗಡಿಯಾರವೇ ವಾಸಿ.

ಕೊನೆಗೆ ಅವಳೇ ಬೀಗಿತ್ತಿಯಿಂದ ಒಂದು ಬಟ್ಟಲು ಅರಿಸಿನ ಕೇಳಿ ಕಲಸಿ, ಕಲೆಯ ಮೇಲೆಯೇ ದಪ್ಪಗೆ ಹಚ್ಚಿ ಕಾರ್ಡು ಕೊಟ್ಟಳು. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು. ಬೀಗಿತ್ತಿ ನಗುತ್ತ, ಉಳಿದವನ್ನೂ ಇಲ್ಲೇ ಮುಗಿಸಿಬಿಡೋಣವೆಂದು ಸೆರಗು ಸಿಕ್ಕಿಸಿ ಕೂತರು. ಬೀಗರೂ ಕೂತರು. ಬೆರಳುಗಳು ಎಲ್ಲ ದಿಕ್ಕಿಗೂ ಓಡತೊಡಗಿದವು. ನಾನೂ ಬಟ್ಟಲಿಗೆ ಕೈ ಚಾಚಿದೆ.

"ನೀವು ಮುಟ್ಬೇಡಿ," ಎಂದಳು ಶಾರದೆ. "ಒಣಗ್ಬೇಕು, ಫ್ಯಾನ್ ಹಾಕಿ ಸಾಕು."

ಹಾಕಿದೆ. ಐದರಲ್ಲಿ.

ನಡುಮನೆಯ ತುಂಬ ಕಾರ್ಡುಗಳು ಹಾರಿದವು. ಒಂದು ಹೋಗಿ ಬೀಗರ ಬಿಳಿ ಜುಬ್ಬದ ಎದೆಗೆ ಅಂಟಿಕೊಂಡಿತು. ಮೆಲ್ಲಗೆ ಬಿಡಿಸಿ ನೋಡಿದೆ. ಬಣ್ಣ ಈ ಸಲ ಸೊಗಸಾಗಿ ಅಚ್ಚಾಗಿತ್ತು!