ದುರುಗವ್ವನ ನಿರುಪಯೋಗ ಪ್ರಮಾಣಪತ್ರ

ಯಾವ ಪ್ರತಿಭೆಯಿಂದ ಯಾರಿಗೂ ಯಾವ ಪ್ರಯೋಜನವೂ ಆಗುವುದಿಲ್ಲವೋ ಅದನ್ನು ಸರಕಾರವೇ ಕಾಪಾಡಬೇಕು ಎಂಬುದು ಈಗ ಎಲ್ಲರೂ ಒಪ್ಪಿದ ಮಾತು. ಪ್ರಯೋಜನಕ್ಕೆ ಬರುವುದನ್ನು ಜನ ಹೇಗೂ ತಾವೇ ಕಾಪಾಡಿಕೊಳ್ಳುತ್ತಾರೆ. ಈ ತತ್ವದ ಮೇಲೆ ಕೊಪ್ಪಳದಲ್ಲಿ 'ಅಪೂರ್ವ ಪ್ರತಿಭಾ ಕೋಶ' ತೆರೆಯಲಾಯಿತು. ಸ್ವಂತ ಕಟ್ಟಡ ಇಲ್ಲದ ಕಾರಣ ಅದನ್ನು ಹೆಣ್ಣುಮಕ್ಕಳ ಒಂದು ವಸತಿನಿಲಯದ ಮಾಳಿಗೆಯ ಮೇಲೆ, ಬಟ್ಟೆ ಒಣಹಾಕುವ ಕೋಣೆಯಲ್ಲಿ ಇರಿಸಲಾಯಿತು. ಮಳೆಗಾಲದಲ್ಲಿ ಕಡತಗಳೂ ದುಪಟ್ಟಾಗಳೂ ಒಂದೇ ಹಗ್ಗದ ಮೇಲೆ ಒಣಗುತ್ತಿದ್ದವು. ಇದರಿಂದ ಯಾರಿಗಾದರೂ ತೊಂದರೆಯಾದ ಬಗ್ಗೆ ದಾಖಲೆ ಇಲ್ಲ.

ಕೋಶದ ನಿಯಮಗಳು ಸರಳವಾಗಿದ್ದವು. ಅರ್ಜಿದಾರರಲ್ಲಿ ಬೇರೆಯವರಲ್ಲಿ ಇಲ್ಲದ ಒಂದು ಪ್ರತಿಭೆ ಇರಬೇಕು. ಅದು ನಿಜವಾಗಿರಬೇಕು. ಮತ್ತು ಅದರಿಂದ ಉಪಯೋಗ ಆಗಿರಬಾರದು. ಉಪಯೋಗವಾದ ಪ್ರತಿಭೆ 'ಕೌಶಲ್ಯ' ಎನಿಸಿಕೊಳ್ಳುತ್ತದೆ. ಕೌಶಲ್ಯವು ಬೇರೆ ಇಲಾಖೆಯದು. ಆ ಇಲಾಖೆಯ ಸಾಹೇಬರಿಗೂ ಈ ಇಲಾಖೆಯ ಸಾಹೇಬರಿಗೂ ಮಾತಿಲ್ಲ. ಮೂರೂ ಶರತ್ತು ಪೂರೈಸಿದವರಿಗೆ ನಿರುಪಯೋಗ ಪ್ರಮಾಣಪತ್ರ ಸಿಗುತ್ತಿತ್ತು. ಪ್ರಮಾಣಪತ್ರ ಇದ್ದವರ ಮಕ್ಕಳಿಗೆ ಕೆಳಗಿನ ವಸತಿನಿಲಯದಲ್ಲಿ ಸೀಟು ಮೀಸಲು.

ಯಲಬುರ್ಗಾ ಕಡೆಯ ಹಳ್ಳಿಯೊಂದರ ಶಿವಲಿಂಗಮ್ಮ ಹಾರ್ನ್ ಕೇಳಿಯೇ ಬಸ್ಸಿನ ಡ್ರೈವರ್ ಯಾರೆಂದು ಹೇಳಬಲ್ಲವಳಾಗಿದ್ದಳು. ಡ್ರೈವರ್ ಯಾರೇ ಆಗಲಿ ಆ ಊರಲ್ಲಿ ಬಸ್ಸು ನಿಲ್ಲುತ್ತಿರಲಿಲ್ಲವಾದ್ದರಿಂದ ಆಕೆಗೆ ಒಂದೇ ದಿನದಲ್ಲಿ ಪ್ರಮಾಣಪತ್ರ ಸಿಕ್ಕಿತು. ಕುಷ್ಟಗಿಯ ಹೇಮಪ್ಪನಿಗೆ ಕರೆಂಟ್ ಹೋಗುವುದು ಒಂದು ನಿಮಿಷ ಮೊದಲೇ ಗೊತ್ತಾಗುತ್ತಿತ್ತು. ಆದರೆ ವಿಚಾರಣೆಯಲ್ಲಿ, ಅವನ ಮಾತು ಕೇಳಿ ಹೆಂಡತಿ ಒಮ್ಮೆ ಮೋಟರ್ ಹಚ್ಚಿ ಕೊಡ ತುಂಬಿಕೊಂಡಿದ್ದು ಹೊರಬಿತ್ತು. ಹೇಮಪ್ಪನ ಅರ್ಜಿ ತಿರಸ್ಕೃತವಾಯಿತು. "ಒಂದ ಕೊಡಾ ರೀ ಸಾಹೇಬ್ರ!" ಎಂದು ಅವನು ಅಂಗಲಾಚಿದ. ನಿಯಮದಲ್ಲಿ ಕೊಡಗಳ ಸಂಖ್ಯೆ ನಮೂದಾಗಿರಲಿಲ್ಲ.

ಇಂಥ ಕೋಶಕ್ಕೆ ಶ್ರೀರಾಮನಗರದ ದುರುಗವ್ವ ಜೂನ್ ತಿಂಗಳಲ್ಲಿ ಅರ್ಜಿ ಹಾಕಿದಳು. ಅಕ್ಕಿ ಮಿಲ್ಲೊಂದರ ಅಂಗಳದಲ್ಲಿ ಇಪ್ಪತ್ತೆರಡು ವರ್ಷ ಕುಂತು ಹರಿದ ಚೀಲಗಳಿಗೆ ತೇಪೆ ಹಾಕಿದ ಹೆಂಗಸು. ದಬ್ಬಣ ಹಿಡಿದು ಕೈಯಿಂದ ಹೊಲಿದ ಯಾವ ಚೀಲವನ್ನು ತೋರಿಸಿದರೂ, ಹೊಲಿಗೆ ನೋಡಿ ಹೊಲಿದವರು ಯಾರೆಂದು ಹೇಳುತ್ತಿದ್ದಳು. ಈಗ ಚೀಲವೆಲ್ಲ ಮಷಿನ್ನಿನಲ್ಲಿ ಹೊಲಿಸಿಕೊಂಡು ಬರುವುದರಿಂದ ಈ ವಿದ್ಯೆ ಯಾರಿಗೂ ಬೇಕಾಗಿರಲಿಲ್ಲ. ಆಕೆಗೆ ಮಾತ್ರ ಬೇಕಾಗಿತ್ತು. ಮಗಳು ರೂಪಾಗೆ ಕೊಪ್ಪಳದ ಕಾಲೇಜಿನಲ್ಲಿ ಪಿಯುಸಿ ಸೈನ್ಸ್ ಸಿಕ್ಕಿತ್ತು. ಶ್ರೀರಾಮನಗರದಿಂದ ಎರಡು ಬಸ್ಸು ಬದಲಿಸಿ ದಿನಾ ಹೋಗಿ ಬರುವುದು ಆಗದ ಮಾತು. ಸೀಟು ಸಿಕ್ಕರೆ ರೂಪಾ ಕಾಲೇಜಿಗೆ. ಸಿಗದಿದ್ದರೆ ಅವ್ವನ ಜೋಡಿ ಭತ್ತದ ನಾಟಿಗೆ. ಕೊನೆಯ ದಿನಾಂಕಕ್ಕೆ ಹನ್ನೆರಡು ದಿನ ಉಳಿದಿತ್ತು.

ಪರೀಕ್ಷಾ ಸಮಿತಿಯಲ್ಲಿ ಮೂವರಿದ್ದರು. ಕೋಶದ ಅಧಿಕಾರಿ ದ್ರಾಕ್ಷಾಯಿಣಿ ಮೇಡಂ, ಗುಮಾಸ್ತ ಕಳಕೇಶ, ಮತ್ತು ಒಂದು ಖಾಲಿ ಕುರ್ಚಿ. ಮೂರನೆಯ ಸದಸ್ಯರ ನೇಮಕ ಇನ್ನೂ ಆಗಿರಲಿಲ್ಲವಾದರೂ ಚಹಾ ಮಾತ್ರ ಮೂರೇ ಬರುತ್ತಿತ್ತು.

"ಪರೀಕ್ಷಾಕ್ಕ ಚೀಲ ಬೇಕಲ್ರಿ ಮೇಡಂ," ಎಂದ ಕಳಕೇಶ. "ಚೀಲ ಖರೀದಿಗೆ ಟೆಂಡರ್ ಕರೀಬೇಕು. ಟೆಂಡರ್ ಅಂದ್ರ ದಸರಾ ಹಬ್ಬ ದಾಟತೈತ್ರಿ."

"ಕೆಳಗ ಹಾಸ್ಟೆಲ್ ಉಗ್ರಾಣದಾಗ ಅಕ್ಕಿ ಚೀಲ ಇಲ್ಲೇನು? ಅವನ್ನ ತರಸ್ರಿ. ನೋಡಿ ವಾಪಸ್ ಕೊಟ್ರಾತು."

ಉಗ್ರಾಣದ ಉಸ್ತುವಾರಿ ಗಾಳೇಶನದು. ಅವನು ಐದು ಚೀಲಗಳನ್ನು ಮೇಲಕ್ಕೆ ತಂದನು. ಮೊದಲಿನ ನಾಲ್ಕನ್ನು ತರುವಾಗ ಮೆಟ್ಟಿಲಿನ ಮೇಲೆ ಎರಡೆರಡು ಸಲ ನಿಂತು, ಹುಲಿಗೆಮ್ಮ ದೇವಿಯನ್ನು ನೆನೆದು, ಬೆನ್ನು ಹಿಡಿದುಕೊಂಡನು. ಐದನೆಯದನ್ನು ಒಂದೇ ಹೆಗಲ ಮೇಲೆ ಇಟ್ಟುಕೊಂಡು ಶಿಳ್ಳೆ ಹಾಕುತ್ತ ತಂದನು. ಇದನ್ನು ಸಮಿತಿ ಗಮನಿಸಿತು, ಆದರೆ ಶಿಳ್ಳೆಯ ವಿಷಯ ಸಮಿತಿಯ ವ್ಯಾಪ್ತಿಗೆ ಬರುತ್ತಿರಲಿಲ್ಲ.

ದುರುಗವ್ವ ಸೆರಗು ಬಿಗಿದು ಚೀಲಗಳ ಮುಂದೆ ಕುಕ್ಕರುಗಾಲಲ್ಲಿ ಕುಂತಳು.

"ಇದು ಮಷಿನ್. ಇದೂ ಮಷಿನ್. ಇವೆರಡೂ ಮಷಿನ್ನಾ ರೀ. ಮಷಿನ್ನಿನ ಹೆಸರು ಹೇಳಾಕ ನನಗ ಬರಂಗಿಲ್ಲ." ಐದನೆಯದರ ಬಾಯಿಯ ಮೇಲೆ ಬೆರಳು ಆಡಿಸಿದಳು. "ಇದು ಕೈ ಹೊಲಿಗಿ. ಎಡಗೈಯವರದು. ನಾಕು ಹೊಲಿಗಿ ಹಾಕೋದು, ಒಂದು ಗಂಟು. ಕೊನಿಗೆ ಸುತಳಿ ಬಾಲ ಒಳಗ ತುರುಕೋದು." ತಲೆ ಎತ್ತಿ ಗಾಳೇಶನ ಎಡಗೈ ಬೆರಳಿನ ಮೇಲಿನ ಸುತಳಿ ಗೆರೆ ನೋಡಿದಳು. "ಇದು ಈ ತಮ್ಮನ ಕೈ ನೋಡ್ರಿ."

ಗಾಳೇಶ ಎಡಗೈಯನ್ನು ಕಿಸೆಗೆ ಇಳಿಸಿದ.

"ಮೊದ್ಲ ಮಷಿನ್ ಹೊಲಿಗಿ ಇತ್ರಿ. ತೂತು ಹಂಗ ಅದಾವ. ಅದನ್ನ ಬಿಚ್ಚಿ ಮತ್ತ ಹೊಲದಾನ," ಎಂದು ದುರುಗವ್ವ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬೀಳಬಾರದೆಂದು, ಪೂರ್ತಿ ಉತ್ತರ ಕೊಟ್ಟಳು.

ಹೇಳಿಕೆಯನ್ನು ಪರಿಶೀಲಿಸುವುದು ಸಮಿತಿಯ ಕರ್ತವ್ಯವಾಗಿತ್ತು. ಗಾಳೇಶನ ಕೈಗೆ ದಬ್ಬಣ, ಸುತಳಿ, ಒಂದು ಖಾಲಿ ಚೀಲ ಕೊಡಲಾಯಿತು. ಅವನು ಮೊದಲು ಬಲಗೈಯಲ್ಲಿ ಹೊಲಿಯಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡನು. ಆಮೇಲೆ ಎಡಗೈಗೆ ಬಂದನು. ನಾಲ್ಕು ಹೊಲಿಗೆ, ಒಂದು ಗಂಟು, ಕೊನೆಗೆ ಬಾಲ ಒಳಗೆ. ಎರಡೂ ಚೀಲ ಅಕ್ಕತಂಗಿಯರಂತೆ ಕಂಡವು.

"ಏನ್ ಮಾಡ್ಲಿ ರೀ, ಕೈ ಕೇಳಂಗಿಲ್ಲ," ಎಂದ ಗಾಳೇಶ, ತುಸು ಹೆಮ್ಮೆಯಿಂದಲೇ.

ಚೀಲವನ್ನು ತೂಗಬಹುದಿತ್ತು; ಆದರೆ ತೂಗುವ ಅಧಿಕಾರ ಪ್ರತಿಭಾ ಕೋಶಕ್ಕೆ ಇಲ್ಲ.

"ಪ್ರತಿಭಾ ಖರೇ ಐತಿ," ಎಂದರು ದ್ರಾಕ್ಷಾಯಿಣಿ ಮೇಡಂ, ಕನ್ನಡಕ ತೆಗೆದು ಒರೆಸುತ್ತ. "ಆದ್ರ ದುರುಗವ್ವಾ, ಪ್ರಮಾಣಪತ್ರ ಕೊಡಾಕ ಬರಂಗಿಲ್ಲ."

"ಯಾಕ್ರಿ ಮೇಡಮ್ಮಾರ? ಖರೇ ಐತಿ ಅಂದ್ರೆಲ್ಲ!"

"ಖರೇ ಐತಿ, ಅದಕ್ಕ. ನಿನ್ನ ಪ್ರತಿಭಾದಿಂದ ಕಳವು ಗೊತ್ತಾತು. ಅಂದ್ರ ಉಪಯೋಗ ಆತು. ಇದು ಕೌಶಲ್ಯ ಆತು."

ದುರುಗವ್ವನಿಗೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಾರೋ ಅವಳ ಕೆಲಸಕ್ಕೆ ಉಪಯೋಗ ಇದೆ ಎಂದಿದ್ದರು. ಅವಳ ಮುಖ ಸಣ್ಣದಾಯಿತು.

"ಗೊತ್ತಾದ್ರ ಉಪಯೋಗ ಹೆಂಗ ಆತ್ರಿ? ನೀವೇನು ಇವನ್ನ ಹಿಡೀತೀರೇನು?"

"ಛೇ ಛೇ, ನಾವ್ಯಾಕ ಹಿಡಿಯೂಣ ಬೇ," ಎಂದ ಕಳಕೇಶ ಗಾಬರಿಯಾಗಿ.

"ಪೋಲೀಸರಿಗೆ ಹೇಳ್ತೀರೇನು?"

"ಇಲ್ಲ."

"ಆ ಅಕ್ಕಿ ತಿರುಗಿ ಬರತೈತೇನು?"

"ಅದು ಹೆಂಗ ಬರತೈತಿ?"

"ಮತ್ತ ಉಪಯೋಗ ಎಲ್ಲೈತ್ರಿ ಯಪ್ಪಾ?"

ಕಳಕೇಶ ನಿಯಮದ ಪುಸ್ತಕ ತೆರೆದ. ಹುಡುಕಿದ. ಮೇಡಂ ಕನ್ನಡಕ ಹಾಕಿಕೊಂಡರು. ಇಬ್ಬರೂ ಒಂದೇ ಸಾಲಿನ ಮೇಲೆ ಬೆರಳಿಟ್ಟರು. ಖಾಲಿ ಕುರ್ಚಿಯೂ ಆಕ್ಷೇಪಿಸಲಿಲ್ಲ. ಆ ದಿನದ ನಡಾವಳಿಯಲ್ಲಿ ಹೀಗೆ ಬರೆಯಲಾಯಿತು:

'ಸದರಿ ಅರ್ಜಿದಾರಳ ಪ್ರತಿಭೆಯಿಂದ ಒಂದು ಸಂಗತಿ ತಿಳಿದುಬಂದಿರುವುದು ನಿಜ. ಆದರೆ ತಿಳಿದುಬಂದ ಮಾತ್ರಕ್ಕೆ ಉಪಯೋಗವಾಯಿತೆಂದು ಭಾವಿಸತಕ್ಕದ್ದಲ್ಲ. ತಿಳಿದುಬಂದ ಸಂಗತಿಯ ಮೇಲೆ ಕ್ರಮ ಜರುಗಿದಲ್ಲಿ ಮಾತ್ರ ಉಪಯೋಗ. ಕ್ರಮ ಜರುಗುವುದಿಲ್ಲವೆಂದು ಸಂಬಂಧಪಟ್ಟ ಅಧಿಕಾರಿಯು ಲಿಖಿತ ಭರವಸೆ ನೀಡಿದಲ್ಲಿ ಪ್ರತಿಭೆಯು ನಿರುಪಯುಕ್ತವೆಂದು ಪ್ರಮಾಣೀಕರಿಸಬಹುದು.'

ಸಂಬಂಧಪಟ್ಟ ಅಧಿಕಾರಿ ಎಂದರೆ ಕೆಳಗಿನ ವಾರ್ಡನ್ ಹನುಮಂತಪ್ಪ. ಮಕ್ಕಳ ಕೋಣೆಗೆ ಫ್ಯಾನ್ ಹಾಕಿಸುವ ಒಂದು ಸಹಿಗೆ ಏಳು ತಿಂಗಳು ತೆಗೆದುಕೊಂಡವರು. ಕ್ರಮ ಜರುಗಿಸುವುದಿಲ್ಲ ಎಂಬ ಪತ್ರ ಅವರಿಂದ ಹದಿನೈದು ನಿಮಿಷದಲ್ಲಿ, ಮೂರು ಪ್ರತಿಯಲ್ಲಿ, ಗೋಲ ಶಿಕ್ಕೆ ಸಹಿತ ಮೇಲೆ ಬಂತು. ಜೊತೆಗೆ ನಾಲ್ಕು ಚಹಾ ಬಂದವು. ಸರಕಾರಿ ಕೆಲಸ ತಡವಾಗುತ್ತದೆ ಎಂದು ಆಡಿಕೊಳ್ಳುವವರು ಇದನ್ನು ಗಮನಿಸಬೇಕು.

ಉಳಿದದ್ದು ಒಂದು ಮುಚ್ಚಳಿಕೆ. ಕಳಕೇಶ ಓದಿ ಹೇಳಿದ: ಐದನೆಯ ಚೀಲದ ಸಂಗತಿಯನ್ನು ಅರ್ಜಿದಾರಳು ಎಲ್ಲಿಯೂ ಹೇಳತಕ್ಕದ್ದಲ್ಲ; ಹೇಳಿ ಯಾರಿಗಾದರೂ ಉಪಯೋಗವಾದಲ್ಲಿ ಪ್ರಮಾಣಪತ್ರವೂ ಸೀಟೂ ರದ್ದು.

ದುರುಗವ್ವ ಪೆನ್ನು ಹಿಡಿದು ಚೀಲದ ಕಡೆ ನೋಡಿದಳು.

"ಮೇಡಮ್ಮಾರ, ಇದು ಹುಡುಗ್ಯಾರು ಉಣ್ಣೋ ಅಕ್ಕಿ ಅಲ್ರಿ?"

"ಹೌದು."

"ನನ್ನ ಮಗಳು ಬಂದ್ರ ಇದನ್ನ ಉಣ್ಣಾಕಿ."

"ಬಂದ್ರ ಅಷ್ಟ," ಎಂದರು ಮೇಡಂ. ಮಾತು ಮೆತ್ತಗಿತ್ತು.

ದುರುಗವ್ವ ಸಹಿ ಮಾಡಿದಳು. ಅಕ್ಷರಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದಂತಿದ್ದವು.

ರೂಪಾ ಸೇರಿದಳು. ಮೂರನೆಯ ವಾರಕ್ಕೆ ಗೆಳತಿ ಉಜ್ಮಾಳ ಫೋನಿನಿಂದ ಮಾತಾಡಿದಳು. "ಅವ್ವಾ, ಇಲ್ಲಿ ಪಾಠ ಭಾಳ ಛಲೋ ಮಾಡ್ತಾರ. ಅನ್ನ ಮಾತ್ರ ಸಾಲವಲ್ದು. ಎರಡನೇ ಸಲ ಕೇಳಿದ್ರ ಮುಗದೈತಿ ಅಂತಾರ. ನಾವೆಲ್ಲಾರೂ ಕೂಡಿ ಒಂದು ಅರ್ಜಿ ಬರಿಯೋರದೀವಿ."

"ಬರೀಬ್ಯಾಡ!" ಎಂದು ದುರುಗವ್ವ ಕೂಗಿದ ರಭಸಕ್ಕೆ ಪಕ್ಕದ ಮನೆಯ ಹಸನಬೀ ಒಲೆ ಬಿಟ್ಟು ಬಂದಳು. "ಯಾರೂ ಏನೂ ಬರೀಬ್ಯಾಡ್ರಿ. ನಾ ಬರೋ ಐತವಾರ ಚುನಮುರಿ ಮಾಡಿ ತರ್ತೀನಿ. ಉಜ್ಮಾಗೂ ತರ್ತೀನಿ."

ಅಂದಿನಿಂದ ಪ್ರತಿ ಭಾನುವಾರ ದುರುಗವ್ವ ಚೀಲದ ತುಂಬ ಮಂಡಕ್ಕಿಯ ಚುನಮುರಿ ಹೊತ್ತು ಎರಡು ಬಸ್ಸು ಬದಲಿಸಿ ಕೊಪ್ಪಳಕ್ಕೆ ಹೋಗಿಬರತೊಡಗಿದಳು. ಹುಡುಗಿಯರ ಅರ್ಜಿ ಬರಲಿಲ್ಲ. ವಸತಿನಿಲಯದ ಊಟದ ಬಗ್ಗೆ ಒಂದೂ ದೂರಿಲ್ಲವೆಂದು ವಾರ್ಡನ್ ಅವರಿಗೆ ಪ್ರಶಂಸಾಪತ್ರ ಬಂತು.

ಮರುವರ್ಷ ಪ್ರಮಾಣಪತ್ರ ನವೀಕರಿಸುವ ಸಮಯಕ್ಕೆ ಒಂದು ಅನಾಹುತ ತಲೆದೋರಿತು. ಗಾಳೇಶನಿಗೆ ಕುಷ್ಟಗಿಗೆ ವರ್ಗ ಬಂತು. ಅವನ ಜಾಗಕ್ಕೆ ಬರುತ್ತಿದ್ದವನು ಚೀಲ ಬಿಚ್ಚುವವನಲ್ಲವಂತೆ ಎಂಬ ಸುದ್ದಿ ಹಬ್ಬಿ ಎಲ್ಲರಲ್ಲೂ ಕಳವಳ ಮೂಡಿಸಿತು. ನವೀಕರಣಕ್ಕೆ ಮರುಪರೀಕ್ಷೆ ಕಡ್ಡಾಯ. ಪರೀಕ್ಷೆಗೆ ಕೈ ಹೊಲಿಗೆಯ ಚೀಲ ಕಡ್ಡಾಯ. ಕೈ ಹೊಲಿಗೆಗೆ ಗಾಳೇಶ ಕಡ್ಡಾಯ.

ದುರುಗವ್ವ ಬೆಳಗಿನ ಮೊದಲ ಬಸ್ಸಿಗೆ ಬಂದು, ಕಳಕೇಶನಿಂದಲೇ ಬರೆಸಿ, ಅರ್ಜಿ ಕೊಟ್ಟಳು: 'ಸದರಿ ಗಾಳೇಶ ಇವರ ಸೇವೆಯು ನನ್ನ ಮಗಳ ವಿದ್ಯಾಭ್ಯಾಸಕ್ಕೆ ಅತ್ಯಗತ್ಯವಾಗಿದ್ದು, ಅವರನ್ನು ಇಲ್ಲಿಯೇ ಮುಂದುವರಿಸಬೇಕಾಗಿ ವಿನಂತಿ.' ವಾರ್ಡನ್ ಶಿಫಾರಸು ಮಾಡಿದರು. ದ್ರಾಕ್ಷಾಯಿಣಿ ಮೇಡಂ ಸಹಿ ಹಾಕಿದರು. ಪಾಲಕರೊಬ್ಬರು ನೌಕರನ ಪರವಾಗಿ ಅರ್ಜಿ ಕೊಟ್ಟದ್ದು ಇದೇ ಮೊದಲೆಂದು ಮೇಲಿನವರು ಮೆಚ್ಚಿ ವರ್ಗಾವಣೆ ತಡೆದರು.

ಮರುಪರೀಕ್ಷೆಯ ದಿನ ಗಾಳೇಶ ಹೊಸ ಅಂಗಿ ತೊಟ್ಟು ಬಂದಿದ್ದ. ಈ ಸಲ ಐದರಲ್ಲಿ ಮೂರು ಚೀಲ ಕೈ ಹೊಲಿಗೆಯವಾಗಿದ್ದವು. ದುರುಗವ್ವ ಮೂರನ್ನೂ ನೋಡಿ ಅವನ ಹೆಸರು ಹೇಳಿದಳು. ಕಳಕೇಶ ಚಪ್ಪಾಳೆ ತಟ್ಟಿದ.

"ಅಕ್ಕಾ, ಹೊಲಿಗಿ ಹೆಂಗ ಬಂದೈತಿ?" ಎಂದು ಕೇಳಿದ ಗಾಳೇಶ.

ದುರುಗವ್ವ ಸುತಳಿಯನ್ನು ಬೆರಳಲ್ಲಿ ಎಳೆದು ನೋಡಿದಳು. "ಗಂಟು ಸಡ್ಲ ಬಿಟ್ಟೀಯಲ್ಲೋ ತಮ್ಮಾ. ಮಷಿನ್ ತೂತಿನಾಗ ದಬ್ಬಣ ಹಾಯಿಸು, ಹೊಸಾ ತೂತು ಮಾಡಬ್ಯಾಡ. ಅಂದ್ರ ಯಾರಿಗೂ ಗೊತ್ತಾಗಂಗಿಲ್ಲ."

ಈ ಸಲಹೆಯನ್ನು ಉಪಯೋಗವೆಂದು ಪರಿಗಣಿಸತಕ್ಕದ್ದಲ್ಲ ಎಂದು ಸಮಿತಿಯು ಸರ್ವಾನುಮತದಿಂದ ಠರಾವು ಮಾಡಿ, ಚಹಾ ಕುಡಿದು, ಪ್ರಮಾಣಪತ್ರವನ್ನು ನವೀಕರಿಸಿತು.