ಹೊಟ್ಟೆ ಸೇರಿದ ಸ್ಯಾಂಪಲ್ಲು

ಕಲ್ಲನ್ನು ಕಂಡರೆ ನೆಕ್ಕುವ ಚಾಳಿ ಅಟೆಂಡರನಿಗೆ ಇಲಾಖೆಯಿಂದಲೇ ಬಂದದ್ದು. ಒಣಕಲ್ಲು ಗುಟ್ಟು ಬಿಟ್ಟುಕೊಡುವುದಿಲ್ಲ. ಒದ್ದೆ ಮಾಡಿದರೆ ಬಣ್ಣ, ಗೆರೆ, ಕಣ ಎಲ್ಲ ಎದ್ದು ಕಾಣುತ್ತವೆ. ಅದಕ್ಕೆಂದೇ ಮೇಜಿನ ಮೇಲೆ ನೀರಿನ ಬಾಟಲಿ ಇಟ್ಟಿರುತ್ತಾರೆ, ನಿಜ. ಆದರೆ ಮುಚ್ಚಳ ತಿರುಗಿಸುವಷ್ಟರಲ್ಲಿ ನಾಲಿಗೆ ತನ್ನ ಕೆಲಸ ಮುಗಿಸಿಬಿಟ್ಟಿರುತ್ತದೆ. ಭೂಗರ್ಭ ಇಲಾಖೆಯ ಆ ಶಾಖೆಗೆ ಸೇರಿದಂದಿನಿಂದ ಅವನು ಸುಣ್ಣಕಲ್ಲು, ಮರಳುಗಲ್ಲು, ಜೇಡಿಕಲ್ಲು ಎಲ್ಲದರ ರುಚಿ ನೋಡಿದ್ದ. ಮನೆಯ ಅಡುಗೆಗೆ ಉಪ್ಪು ಹೆಚ್ಚೋ ಕಡಿಮೆಯೋ ಹೇಳಲು ಬಾರದ ಆ ನಾಲಿಗೆ ಕಲ್ಲಿನ ವಿಷಯದಲ್ಲಿ ಮಾತ್ರ ಮಹಾ ಚುರುಕು.

ಆ ದಿನ ಬೆಳಿಗ್ಗೆ ಸಾಹೇಬರ ಮೇಜು ಒರೆಸಲು ಹೋದಾಗ ಬಿಳಿ ಕಾಗದದ ನಡುವೆ ಒಂದು ಕೆಂಪು ಹಳುಕು ಕಂಡಿತು. ಎಳ್ಳುಕಾಳಿಗಿಂತ ಒಂದಿಷ್ಟು ದೊಡ್ಡದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಹೆಪ್ಪುಗಟ್ಟಿದ ರಕ್ತದ ಬಣ್ಣ. ಬೆರಳಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದ. ಆಮೇಲೆ ನೆಕ್ಕಿದ. ಹಳುಕು ಬೆರಳು ಬಿಟ್ಟು ನಾಲಿಗೆ ಹಿಡಿಯಿತು.

"ಏಯ್!" ಬಾಗಿಲಲ್ಲಿ ಸಾಹೇಬರು ಕಿರುಚಿದರು.

ಅಟೆಂಡರ್ ಬೆಚ್ಚಿಬಿದ್ದು ಗುಳಕ್ಕನೆ ಉಗುಳು ನುಂಗಿದ.

"ನುಂಗಿದೆಯೇನಯ್ಯಾ?"

"ಹೂಂ ಸಾರ್... ಹೋಯ್ತು ಅನ್ಸುತ್ತೆ."

"ಬಾಯಿ ತೆಗಿ!" ಸಾಹೇಬರು ಲೆನ್ಸು ಹಿಡಿದು ನಾಲಿಗೆಯ ಮೇಲೆ, ನಾಲಿಗೆಯ ಕೆಳಗೆ ಹುಡುಕಿದರು. ಏನೂ ಸಿಗಲಿಲ್ಲ. ಆಮೇಲೆ ತಲೆ ಮೇಲೆ ಕೈಹೊತ್ತು ಕುರ್ಚಿಯಲ್ಲಿ ಕುಸಿದರು.

ಕುಸಿಯದೆ ಏನು ಮಾಡುತ್ತಾರೆ? ಅಂದು ಸಂಜೆ ಡೈರೆಕ್ಟರ್ ಬರುವವರಿದ್ದರು, ಶಾಖೆಯನ್ನು ಮುಚ್ಚುವ ಆರ್ಡರನ್ನು ಚೀಲದಲ್ಲಿಟ್ಟುಕೊಂಡು. ಎಷ್ಟೋ ವರ್ಷಗಳಿಂದ ಗುಡ್ಡ ಕೊರೆದು ಕೊರೆದು ಸುಣ್ಣಕಲ್ಲು ಬಿಟ್ಟು ಬೇರೇನೂ ತೆಗೆಯದ ಶಾಖೆ ಅದು. ಮುಚ್ಚಿದರೆ ಕೆಲಸವೂ ಹೋಗುತ್ತದೆ, ಆಫೀಸಿನ ಹಿಂದಿನ ಕ್ವಾರ್ಟರ್ಸೂ ಹೋಗುತ್ತದೆ. ಕೊನೆಯ ಸಲ ಕೊರೆದಾಗ ಬೂದುಬಣ್ಣದ ಕಲ್ಲಿನ ಬಿರುಕಿನಲ್ಲಿ ಈ ಕೆಂಪು ಕಂಡಿತ್ತು. ಪರೀಕ್ಷೆಗೆಂದು ಕಳಿಸಿದ್ದು ದಾರಿಯಲ್ಲೇ ಕಳೆದುಹೋಯಿತು. ಇಲ್ಲಿಯ ಯಂತ್ರ ಕೆಟ್ಟು ಮೂಲೆ ಸೇರಿತ್ತು. ಉಳಿದದ್ದು ಈ ಒಂದೇ ಹಳುಕು. ಅದನ್ನು ಡೈರೆಕ್ಟರಿಗೆ ತೋರಿಸಿ ಆರ್ಡರ್ ಹರಿಸುವುದೆಂದು ಸಾಹೇಬರು ರಾತ್ರಿಯೆಲ್ಲ ಲೆಕ್ಕ ಹಾಕಿದ್ದರು.

"ಅದು ಲೊರಾಂಡೈಟ್ ಕಣಯ್ಯಾ, ಲೊರಾಂಡೈಟ್! ಥ್ಯಾಲಿಯಮ್ಮು, ಪಾಷಾಣ, ಗಂಧಕ ಮೂರೂ ಸೇರಿ ಆಗೋ ಖನಿಜ. ಭೂಮಿ ಮೇಲೆ ಬೆರಳೆಣಿಕೆ ಜಾಗದಲ್ಲಿ ಸಿಗುತ್ತೆ. ಆಳದಿಂದ ಬಿಸಿನೀರು ಕಲ್ಲಿನ ಸಂದೀಲಿ ಹತ್ತಿ ಬರಬೇಕು, ಬರ್ತಾ ಬರ್ತಾ ತಣ್ಣಗಾಗಬೇಕು, ಪಕ್ಕದಲ್ಲಿ ಕೆಂಪು ಇಂಗಲೀಕವೋ ಹಳದಿ ಹರಿದಾಳವೋ ಕೂತಿರಬೇಕು, ಆಗ ಅದೃಷ್ಟ ಇದ್ರೆ ಇಷ್ಟೇ ಇಷ್ಟು ಹುಟ್ಟುತ್ತೆ. ಲಕ್ಷಾಂತರ ವರ್ಷ ಭೂಮಿ ಜೋಪಾನ ಮಾಡಿದ್ದನ್ನ ನೀನು ಒಂದು ಗುಟುಕಿಗೆ ಮುಗಿಸಿಬಿಟ್ಟೆಯಲ್ಲಯ್ಯಾ!"

ಇಷ್ಟು ದೊಡ್ಡ ಪಾಠದಲ್ಲಿ ಅಟೆಂಡರನ ಕಿವಿಗೆ ಬಿದ್ದದ್ದು ಒಂದೇ ಮಾತು. "ಪಾಷಾಣ ಅಂದ್ರಾ ಸಾರ್?"

"ಪಾಷಾಣ ಅದರಲ್ಲಿ ಚಿಕ್ಕ ತಮ್ಮ. ಥ್ಯಾಲಿಯಮ್ಮು ದೊಡ್ಡಣ್ಣ. ಹಿಂದೆ ಇಲಿಗಳಿಗೆ ಹಾಕ್ತಿದ್ರು."

"ಇಲಿಗಳು ಏನಾದ್ವು ಸಾರ್?"

ಸಾಹೇಬರು ಲೆನ್ಸು ಒರೆಸತೊಡಗಿದರು. ಸಾಯಲು ಅಟೆಂಡರನಿಗೆ ಖಂಡಿತ ಮನಸ್ಸಿರಲಿಲ್ಲ. ಅದೂ ಬೆಳಿಗ್ಗೆ ಬೆಳಿಗ್ಗೆ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡು!

ಗಲಾಟೆ ಕೇಳಿ ಹೆಡ್ ಕ್ಲರ್ಕ್ ಓಡಿಬಂದ. ಊರಿನವರ ರೋಗವೆಲ್ಲ ಅವರಿಗಿಂತ ಮೊದಲು ಇವನಿಗೆ ಗೊತ್ತಿರುತ್ತಿತ್ತು. "ಥ್ಯಾಲಿಯಮ್ಮಾ? ಅಯ್ಯಯ್ಯೋ! ಮೊದಲು ಕೂದಲು ಉದುರುತ್ತಂತೆ," ಎಂದವನೇ ಅಟೆಂಡರನ ತಲೆಗೆ ಕೈಹಾಕಿ ಒಂದು ಹಿಡಿ ಜಗ್ಗಿದ. ಮೂರ್ನಾಲ್ಕು ಕೂದಲು ಕೈಗೆ ಬಂದವು. "ನೋಡಿ ಸಾರ್, ಶುರುವಾಗೇಬಿಡ್ತು!"

"ನೀವು ಕಿತ್ತಿದ್ದಕ್ಕೆ ಬಂತು!" ಅಟೆಂಡರ್ ಅಳುದನಿಯಲ್ಲಿ ಹೇಳಿದ.

"ಪಾಪ, ಸಿಟ್ಟು ಬೇರೆ ಬರ್ತಿದೆ. ಅದೂ ಒಂದು ಲಕ್ಷಣವೇ."

ಜೀಪಿನ ಡ್ರೈವರ್ ಒಂದು ಚೊಂಬು ಉಪ್ಪುನೀರು ಹಿಡಿದು ಬಂದ. "ಕುಡಿದು ವಾಂತಿ ಮಾಡ್ಲಿ ಸಾರ್, ಎಲ್ಲಾ ಆಚೆ ಬರುತ್ತೆ."

"ಬೇಡ!" ಸಾಹೇಬರು ಛಂಗನೆ ಎದ್ದು ನಿಂತರು. ಅವರ ಮುಖಕ್ಕೆ ಕಳೆ ಬಂದಿತ್ತು. "ಬಂದದ್ದು ಚರಂಡಿ ಪಾಲಾಗುತ್ತೆ. ಯಾರೂ ಮುಟ್ಟಬೇಡಿ. ಥ್ಯಾಲಿಯಮ್ಮು ಭಾರದ ಲೋಹ. ಹೊಟ್ಟೆಯಲ್ಲಿದ್ರೆ ಎಕ್ಸ್‌ರೇಲಿ ಬೆಳ್ಳಗೆ ಹೊಳೆಯುತ್ತೆ. ರಕ್ತದಲ್ಲೂ ಸಿಗುತ್ತೆ. ಆಸ್ಪತ್ರೆಯವರು ಮೊಹರು ಹಾಕಿ ಕೊಟ್ರೆ ಡೈರೆಕ್ಟರ್ ಅಲ್ಲ, ಅವರಪ್ಪ ಬಂದ್ರೂ ಒಪ್ಪಲೇಬೇಕು." ಆಮೇಲೆ ಅಟೆಂಡರನ ಕಡೆ ತಿರುಗಿ ಮೃದುವಾಗಿ ಹೇಳಿದರು: "ರೀ, ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ. ಏನೂ ತಿನ್ನಬೇಡಿ, ನೀರೂ ಕುಡೀಬೇಡಿ. ನಾಲಿಗೆ ಕೂಡ ಆಡಿಸಬೇಡಿ."

ಅಷ್ಟು ವರ್ಷಗಳಲ್ಲಿ ಸಾಹೇಬರು ಅವನಿಗೆ 'ರೀ' ಎಂದದ್ದು ಅದೇ ಮೊದಲು. ಅದೂ ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಅಟೆಂಡರನಿಗೆ ಹೆದರಿಕೆಯ ನಡುವೆಯೂ ಒಂದಿಷ್ಟು ಖುಷಿಯಾಯಿತು. ಸಾಯುವವರಿಗೆ ಸಿಗುವ ಮರ್ಯಾದೆ ಇದು ಎಂಬುದು ಹೊಳೆದಾಗ ಆ ಖುಷಿಯೂ ಇಳಿಯಿತು.

ಸಾಹೇಬರಿಗೆ ನಿಯಮ ಎಂದರೆ ನಿಯಮ. ನಂಬರಿಲ್ಲದ ಸ್ಯಾಂಪಲ್ಲು ಶಾಖೆಯಿಂದ ಹೊರಗೆ ಹೋಗುವಂತಿಲ್ಲ. ಹೆಡ್ ಕ್ಲರ್ಕ್ ಚೀಟಿಗೆ ಗೋಂದು ಹಚ್ಚಿ ಅಟೆಂಡರನ ಅಂಗಿಯ ಜೇಬಿನ ಮೇಲೆ ಅಂಟಿಸಿದ. ಪೆನ್ನು ಹಿಡಿದು, "ಸಾರ್, ಸಿಕ್ಕ ಜಾಗ ಅಂತ ಏನ್ ಬರೀಲಿ? ಗುಡ್ಡ ಅಂತಲೋ, ಹೊಟ್ಟೆ ಅಂತಲೋ?" ಎಂದು ಕೇಳಿದ.

"ಎರಡನ್ನೂ ಬರೀರಿ," ಎಂದರು ಸಾಹೇಬರು.

ಅಷ್ಟರಲ್ಲಿ ಅಟೆಂಡರನ ಹೆಂಡತಿ ಕ್ವಾರ್ಟರ್ಸಿನಿಂದ ಓಡಿಬಂದಳು. ಕೈಯಲ್ಲಿ ಬಟ್ಟೆ ಸೋಪಿನ ನೊರೆ ಹಾಗೇ ಇತ್ತು. ಹೆಡ್ ಕ್ಲರ್ಕ್ ಕಿಟಕಿಯಿಂದಲೇ ಅವಳಿಗೆ ಸುದ್ದಿ ಕೂಗಿದ್ದ: "ಗಾಬರಿಯಾಗಬೇಡಿ ಅಕ್ಕಾ, ಇನ್ನೂ ಬದುಕಿದ್ದಾರೆ!"

ಗಂಡ ಸಾಹೇಬರ ಕುರ್ಚಿಯಲ್ಲಿ ಚೀಟಿ ಅಂಟಿಸಿಕೊಂಡು ಕೂತಿರುವುದನ್ನು ಕಂಡು ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ಮನೇಲಿ ಮಾಡಿ ಹಾಕಿದ್ದು ರುಚಿಸಲ್ಲ, ಕಲ್ಲು ರುಚಿಸುತ್ತಾ ನಿಮಗೆ? ನಾಲಿಗೆ ಹಿಡಿತದಲ್ಲಿಟ್ಕೊಳ್ಳಿ ಅಂತ ಎಷ್ಟು ಸಲ ಬಡ್ಕೊಂಡೆ! ನಿಮಗೇನಾದ್ರೂ ಆದ್ರೆ ನಾನೇನ್ರೀ ಮಾಡ್ಲಿ?"

"ಅಳಬೇಡಮ್ಮಾ," ಎಂದರು ಸಾಹೇಬರು, "ನಿನ್ನ ಗಂಡ ಈಗ ಇಲಾಖೆಯ ಆಸ್ತಿ."

ಎಲ್ಲರನ್ನೂ ತುಂಬಿಕೊಂಡು ಜೀಪು ಆಸ್ಪತ್ರೆಗೆ ಹೊರಟಿತು. ಪ್ರತಿ ಹಳ್ಳದ ಬಳಿಯೂ ಸಾಹೇಬರು, "ನಿಧಾನ, ನಿಧಾನ, ಸ್ಯಾಂಪಲ್ ಅಲುಗಾಡಬಾರದು," ಎನ್ನುತ್ತಿದ್ದರು. ಡ್ರೈವರ್ ಎಷ್ಟು ನಿಧಾನ ಮಾಡಿದನೆಂದರೆ ಸೈಕಲ್ಲಿನವರೆಲ್ಲ ಹಿಂದೆ ಹಾಕಿ ಹೋದರು. ಹೆಂಡತಿ ಮಾತ್ರ, "ಬೇಗ ಹೋಗ್ರೀ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಹಿಂದಿನಿಂದ ಡ್ರೈವರನ ಭುಜ ಅಲ್ಲಾಡಿಸುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಕಥೆ ಕೇಳಿ ಎರಡು ಸಲ ಕನ್ನಡಕ ಒರೆಸಿಕೊಂಡರು. ಆಮೇಲೆ ಬೀರುವಿನಿಂದ ಮದ್ದು ತೆಗೆಸಿ ಟ್ರೇಯಲ್ಲಿಟ್ಟರು. ಕಡುನೀಲಿ ಮಾತ್ರೆಗಳು. "ಬಣ್ಣಕ್ಕೆ ಹಾಕೋ ನೀಲಿಯೇ ಇದು. ಕರುಳಲ್ಲಿರೋ ಥ್ಯಾಲಿಯಮ್ಮನ್ನ ಹಿಡಿದು ಹೊರಗೆ ಹಾಕುತ್ತೆ."

"ಹೊರಗೆ ಹಾಕುತ್ತಾ!" ಸಾಹೇಬರು ಟ್ರೇಗೆ ಅಡ್ಡ ನಿಂತರು. "ಡಾಕ್ಟ್ರೇ, ದಮ್ಮಯ್ಯ, ಮೊದಲು ಎಕ್ಸ್‌ರೇ ಆಗಲಿ."

"ಮೊದಲು ಮದ್ದು!" ಹೆಂಡತಿ ಸಾಹೇಬರನ್ನೇ ಪಕ್ಕಕ್ಕೆ ತಳ್ಳಿದಳು.

"ಇಬ್ಬರೂ ಸುಮ್ನಿರಿ," ಡಾಕ್ಟರಮ್ಮ ಗದರಿದರು. "ಎಕ್ಸ್‌ರೇ, ರಕ್ತ ಎರಡನ್ನೂ ಈಗಲೇ ತೆಗೆಸ್ತೀನಿ. ಒಳಗೆ ಇದ್ರೆ ತಕ್ಷಣ ಕೊಡ್ತೀನಿ. ಇಲ್ಲದ ವಿಷಕ್ಕೆ ಮದ್ದು ಕೊಡೋಕೆ ಇದೇನು ಪೆಪ್ಪರ್‌ಮಿಂಟಾ?"

ರಿಪೋರ್ಟಿಗೆ ಕಾಯುತ್ತ ಅಟೆಂಡರ್ ಮಂಚದ ಮೇಲೆ ಮಲಗಿದ. ಗಂಟಲು ಒಣಗಿತ್ತು. ಸಾಹೇಬರು ಬಾಗಿ ಕಿವಿಯಲ್ಲಿ ಹೇಳಿದರು: "ಕ್ವಾರ್ಟರ್ಸಿನ ಅಷ್ಟೂ ಸಂಸಾರ ನಿಮ್ಮನ್ನೇ ನಂಬಿಕೊಂಡಿದೆ. ಕೈಬಿಡಬೇಡಿ." ಡ್ರೈವರ್ ಬಂದು ಕಾಲು ಒತ್ತಿದ. ಹೆಡ್ ಕ್ಲರ್ಕ್ ಬಾಗಿಲಲ್ಲಿ ಕೈಮುಗಿದು ನಿಂತ. ಅವರ ಕಣ್ಣಲ್ಲೆಲ್ಲ ಒಂದೇ ಆಸೆ ಇತ್ತು, ಇವನ ಹೊಟ್ಟೆಯಲ್ಲಿ ವಿಷ ಇರಲಿ ಎಂಬ ಆಸೆ. ಅದು ಕಂಡು ಅಟೆಂಡರ್ ಗೋಡೆಯ ಕಡೆ ಮುಖ ತಿರುಗಿಸಿದ. ಆದರೆ ಕೆಲಸ ಹೋದರೆ ಹೆಂಡತಿಯನ್ನು ಕರೆದುಕೊಂಡು ಎಲ್ಲಿಗೆ ಹೋಗುವುದು ಎಂದು ಯೋಚಿಸಿದಾಗ, ಅವನೂ ಕಣ್ಣುಮುಚ್ಚಿ ಬೇಡಿಕೊಂಡ: ದೇವರೇ, ವಿಷ ಇರಲಿ, ಆದರೆ ಸ್ವಲ್ಪವೇ ಇರಲಿ.

ಸಂಜೆ ಡೈರೆಕ್ಟರ್ ಬಂದರು. ಆಫೀಸಿನಲ್ಲಿ ಒಂದು ನರಪಿಳ್ಳೆಯೂ ಇಲ್ಲದ್ದು ಕಂಡು, ಕ್ವಾರ್ಟರ್ಸಿನವರನ್ನು ವಿಚಾರಿಸಿ ನೇರವಾಗಿ ಆಸ್ಪತ್ರೆಗೇ ಬಂದಿದ್ದರು. ಅದೇ ಹೊತ್ತಿಗೆ ಎಕ್ಸ್‌ರೇಯೂ ಬಂತು. ಡೈರೆಕ್ಟರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸಾಹೇಬರು ಕೆಂಪು ಹಳುಕಿನ ಕಥೆಯನ್ನೆಲ್ಲ ಹೇಳಿ ಲೆನ್ಸು ಕೊಟ್ಟರು. ಇಬ್ಬರೂ ಅಟೆಂಡರನ ಹೊಟ್ಟೆಯನ್ನು ಗುಡ್ಡದ ನಕ್ಷೆ ಓದಿದ ಹಾಗೆ ಉತ್ತರದಿಂದ ದಕ್ಷಿಣಕ್ಕೆ ಓದಿದರು.

"ಗ್ಯಾಸು ಬಿಟ್ಟರೆ ಇಲ್ಲೇನೂ ಇಲ್ಲವಲ್ರೀ," ಎಂದರು ಡೈರೆಕ್ಟರ್.

ಡಾಕ್ಟರಮ್ಮ ರಕ್ತದ ರಿಪೋರ್ಟ್ ಹಿಡಿದು ನಗುನಗುತ್ತ ಬಂದರು. "ಥ್ಯಾಲಿಯಮ್ಮೂ ಇಲ್ಲ, ಪಾಷಾಣವೂ ಇಲ್ಲ. ಗುಂಡುಕಲ್ಲಿನ ಹಾಗಿದ್ದೀರಿ. ಮನೆಗೆ ಹೋಗಿ."

ಎಲ್ಲರ ಮುಖಕ್ಕೂ ಸಾವಿನ ಮನೆಯ ಕಳೆ ಬಂತು. ಹೆಂಡತಿಯೊಬ್ಬಳೇ ಗೋಡೆಗೆ ಒರಗಿ ಸೆರಗಿನಿಂದ ಮುಖ ಮುಚ್ಚಿಕೊಂಡು ಸಂತೋಷಕ್ಕೆ ಅತ್ತಳು. ಡ್ರೈವರ್ ಒತ್ತುತ್ತಿದ್ದ ಕಾಲನ್ನು ಹಾಗೇ ಬಿಟ್ಟು ಎದ್ದುಹೋದ.

"ಕಾಗೆಬಂಗಾರ ಇರಬೇಕು ಕಣ್ರೀ," ಎಂದರು ಡೈರೆಕ್ಟರ್. "ಅದೂ ಹೀಗೇ ಹಾಳೆ ಹಾಳೆಯಾಗಿ ಏಳುತ್ತೆ. ತುಕ್ಕಿನ ನೀರು ಹತ್ತಿ ಕೆಂಪಗಾಗಿದೆ."

"ಇಲ್ಲ ಸಾರ್! ಕಾಗೆಬಂಗಾರ ಬಗ್ಗಿಸಿದ್ರೆ ವಾಪಸ್ ಪುಟಿಯುತ್ತೆ. ಇದು ಬಗ್ಗಿದ್ದು ಬಗ್ಗಿದ ಹಾಗೇ ಇತ್ತು. ನಾನೇ ನೋಡಿದ್ದೀನಿ ಸಾರ್!"

"ಹೌದಾ? ತೋರಿಸಿ ನೋಡೋಣ."

ಸಾಹೇಬರು ಅಟೆಂಡರನ ಹೊಟ್ಟೆಯ ಕಡೆ ಬೆರಳು ಮಾಡಿದರು. ಡೈರೆಕ್ಟರ್ ಎಕ್ಸ್‌ರೇಯ ಕಡೆ ಬೆರಳು ಮಾಡಿದರು. ಆಮೇಲೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಆರ್ಡರ್ ಬಿಡಿಸಿ ಸಹಿ ಹಾಕಿದರು. ನರ್ಸಮ್ಮ ನೀಲಿ ಮಾತ್ರೆಯ ಟ್ರೇಯನ್ನು ತೆಗೆದುಕೊಂಡು ಹೋದಳು.

"ಏನಯ್ಯಾ," ಸಾಹೇಬರು ಹಲ್ಲು ಕಡಿದರು, "ಒಂದು ವಿಷ ನುಂಗೋ ಯೋಗ್ಯತೆಯೂ ಇಲ್ವೇನಯ್ಯಾ ನಿನಗೆ?"

"ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೆದುಬಿಟ್ಟೆ ಮಾರಾಯಾ," ಎಂದ ಹೆಡ್ ಕ್ಲರ್ಕ್, ಅಂಗಿಯ ಮೇಲಿನ ಚೀಟಿಯನ್ನು ಕಿತ್ತುಕೊಳ್ಳುತ್ತ. ಜೇಬೂ ಅದರ ಜೊತೆಗೆ ಹರಿಯಿತು.

ಜೀಪಿನಲ್ಲಿ ಜಾಗವಿಲ್ಲ ಎಂದ ಡ್ರೈವರ್. ಬರುವಾಗ ಇದ್ದ ಜಾಗ ಹೋಗುವಾಗ ಎಲ್ಲಿ ಹೋಯಿತೆಂದು ಕೇಳುವ ಚೈತನ್ಯ ಅಟೆಂಡರನಿಗಿರಲಿಲ್ಲ. ಹೆಂಡತಿ ಅವನ ಕೈ ಹಿಡಿದು ಆಸ್ಪತ್ರೆಯ ಎದುರಿನ ಟೀ ಅಂಗಡಿಗೆ ಕರೆದುಕೊಂಡು ಬಂದಳು. ಬೆಂಚಿನ ಮೇಲೆ ಕೂತು ಇಬ್ಬರೂ ಗ್ಲಾಸು ಹಿಡಿದರು. "ಕೆಲಸ ಹೋದ್ರೆ ಹೋಗ್ಲಿ. ನೀವು ಬದುಕಿದ್ರಲ್ಲ, ನನಗಷ್ಟೇ ಸಾಕು," ಎಂದಳು. ಅವನ ಕಣ್ಣು ತುಂಬಿ ಬಂತು. ದಿನವಿಡೀ ಅವನು ಬದುಕಲಿ ಎಂದವಳು ಇವಳೊಬ್ಬಳೇ.

ಬೆಳಿಗ್ಗೆಯಿಂದ ಬಾಯಿಗೆ ಬಿದ್ದ ಮೊದಲ ಗುಟುಕು ಅದು. ಬಿಸಿ ಟೀ ದವಡೆಯ ಕೊನೆಗೆ ಹೋದಾಗ ಹಿಂದಿನ ಹಲ್ಲಿನ ಸಂದಿಯಿಂದ ಏನೋ ಸಡಿಲಾಗಿ ಬಂದು ನಾಲಿಗೆಗೆ ತಗುಲಿತು. ತೆಳ್ಳಗೆ, ನುಣ್ಣಗೆ. ಟೀ ಸೊಪ್ಪಲ್ಲ. ಅಟೆಂಡರ್ ಅಲುಗಾಡದೆ ಕೂತ. ನಾಲಿಗೆಯ ತುದಿಯಿಂದ ಅದನ್ನು ಅಂಗುಳಕ್ಕೆ ಒತ್ತಿದ. ಬಗ್ಗಿತು. ಬಿಟ್ಟು ಕಾದ. ಬಗ್ಗಿದ್ದು ಬಗ್ಗಿದ ಹಾಗೇ ಇತ್ತು. ಪುಟಿಯಲಿಲ್ಲ.

ಹೊಟ್ಟೆಗೆ ಅದು ಹೋಗಿರಲೇ ಇಲ್ಲ! ರಸ್ತೆಯಾಚೆ ಗೇಟಿನ ಬಳಿ ಡೈರೆಕ್ಟರ್ ಇನ್ನೂ ಕಾರು ಹತ್ತಿರಲಿಲ್ಲ, ಸಾಹೇಬರು ಕೈಮುಗಿದು ಏನೋ ಬೇಡಿಕೊಳ್ಳುತ್ತಿದ್ದರು. ಕೆಲಸ, ಕ್ವಾರ್ಟರ್ಸು, ಸಾಹೇಬರ ಆ 'ರೀ', ಎಲ್ಲ ಅವನ ಬಾಯಲ್ಲಿತ್ತು. ಕೂಗಬೇಕೆಂದು ಅವನು ಎದ್ದು ಕೈ ಎತ್ತಿದ.

ಹೆಂಡತಿ ಗ್ಲಾಸಿನೊಳಗೆ ನೋಡುತ್ತ ಮೆಲ್ಲಗೆ ಕೇಳಿದಳು: "ರೀ, ಬೇಜಾರ್ ಮಾಡ್ಕೋಬೇಡಿ, ಸುಮ್ನೆ ಕೇಳ್ತೀನಿ. ಮನೆ ಉಳೀತಿತ್ತಲ್ಲ ಅಂತ... ಸರಿಯಾಗಿ ನುಂಗಿದ್ರಾ?"

ಇವಳೂ! ಅಟೆಂಡರನ ಎದೆ ಧಸಕ್ಕೆಂದಿತು, ಗಂಟಲು ಗುಳಕ್ಕೆಂದಿತು. ರಸ್ತೆಯಾಚೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿಸಿತು. ಅವನು ಎತ್ತಿದ ಕೈಯನ್ನು ನಿಧಾನವಾಗಿ ಇಳಿಸಿ ಬೆಂಚಿನ ಮೇಲೆ ಕೂತ.

"ನುಂಗಿದೆ ಕಣೇ," ಎಂದ. "ಈಗ."